ಮೋರ್ಸ್ ಸಂಕೇತವೂ ಹವ್ಯಾಸಿ ಬಾನುಲಿಯೂ : ಕುಂದಾಪುರ ಸೀಮೆಯನ್ನು ಕುರಿತು ಒಂದು ಅಭ್ಯಾಸ

ಕುಂದಾಪುರ ಸೀಮೆಯ ಹಿರಿಯರಿಗೆ ‘ತಂತಿ ಬಂತು’ ಎಂಬ ಮಾತಿಗೆ ಬಹುಮಟ್ಟಿಗೆ ಒಂದೇ ಅರ್ಥವಿದ್ದಿತು. ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಮಗನ ಕಡೆಯಿಂದಲೋ ಮದರಾಸಿನಲ್ಲಿ ನೆಲೆಸಿದ ತಮ್ಮನ ಮನೆಯಿಂದಲೋ ಬಂದ ಆ ಕಾಗದವನ್ನು ಹಿಡಿದು ಅಂಚೆಯವನು ಅಂಗಳಕ್ಕೆ ಕಾಲಿಟ್ಟೊಡನೆ, ಒಕ್ಕಣೆಯನ್ನು ಯಾರೂ ಓದುವ ಮೊದಲೇ ಒಳಗಿನಿಂದ ಅಳು ಕೇಳಿಬರುತ್ತಿತ್ತು. ಮೊಮ್ಮಗ ಹುಟ್ಟಿದ ಸುದ್ದಿಗೂ ಮೊದಲು ಅತ್ತು ಆಮೇಲೆ ನಕ್ಕ ಮನೆಗಳು ಇಲ್ಲದಿರಲಾರವು. 1850ರಲ್ಲಿ ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ ಪ್ರಯೋಗವಾಗಿ ಮೊದಲ್ಗೊಂಡ ಭಾರತದ ತಂತಿ ಸೇವೆಯು 2013ರ ಜುಲೈ 14ರಂದು ತನ್ನ ಕೊನೆಯ ಸಂದೇಶಗಳನ್ನು ಸ್ವೀಕರಿಸಿ ಮುಗಿಯಿತು. ಆದರೆ ತಂತಿಯ ಭಾಷೆಯಾದ ಮೋರ್ಸ್ ಸಂಕೇತವು ಅದಕ್ಕೂ ಎಷ್ಟೋ ಮೊದಲೇ ಅಂಚೆ ಕಚೇರಿಯ ಮೇಜನ್ನು ಬಿಟ್ಟು ಹೋಗಿತ್ತು. ಅಲ್ಲಿ ಟೆಲಿಪ್ರಿಂಟರು ಬಂದಿತ್ತು, ಬಳಿಕ ಗಣಕಯಂತ್ರ ಬಂದಿತ್ತು. ಹಡಗುಗಳಲ್ಲಿಯೂ 1999ರ ಫೆಬ್ರವರಿ 1ರಿಂದ ಹೊಸ ಆಪತ್ಸಂಪರ್ಕ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದು, ಮೋರ್ಸ್ ತಿಳಿದ ನಿಸ್ತಂತು ಅಧಿಕಾರಿಯ ಕೆಲಸವೇ ಇಲ್ಲವಾಯಿತು.

ಹೀಗೆ ಕಚೇರಿಯಿಂದಲೂ ಕಡಲಿನಿಂದಲೂ ಹೊರಬಿದ್ದ ಈ ವಿದ್ಯೆಯನ್ನು ಸಂಬಳವಿಲ್ಲದೆ ಉಳಿಸಿಕೊಂಡು ಬಂದವರು ಹವ್ಯಾಸಿ ಬಾನುಲಿಗರು. ಜಗತ್ತು ಇವರನ್ನು ‘ಹ್ಯಾಮ್’ ಎಂಬ ಚಿಕ್ಕ ಹೆಸರಿನಿಂದ ಕರೆಯುತ್ತದೆ. ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿಯನ್ನೂ ಒಂದು ಕರೆ ಸಂಕೇತವನ್ನೂ ಪಡೆದು, ಲಾಭದ ಆಸೆಯಿಲ್ಲದೆ ಸ್ವಂತ ಪ್ರೇಷಕದಿಂದ ಪರಸ್ಪರ ಮಾತನಾಡುವವರು ಇವರು. ಭಾರತದ ಕರೆ ಸಂಕೇತಗಳು ‘ವಿಯು’ ಎಂಬ ಎರಡು ಅಕ್ಷರಗಳಿಂದ ಮೊದಲಾಗುತ್ತವೆ. 1921ರಲ್ಲಿ ಕಲ್ಕತ್ತೆಯ ಅಮರೇಂದ್ರಚಂದ್ರ ಗುಪ್ತರು ಈ ದಾರಿಯನ್ನು ತೆರೆದರು. ಕನ್ನಡ ನಾಡಿನಲ್ಲಿ ಬೆಂಗಳೂರು ಈ ಹವ್ಯಾಸದ ತವರಾಯಿತು. ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ಬು, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಎಂಬ ಸಂಸ್ಥೆಗಳು ಅಲ್ಲಿ ಬೆಳೆದವು. ಕರಾವಳಿಯಲ್ಲಿ ಮಂಗಳೂರಿನ ಕ್ಲಬ್ಬು ಹುಟ್ಟಿತು. ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಹೆಸರಿನ ಖಾಸಗಿ ಪ್ರಸಾರವನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಯಂತ್ರಶಾಸ್ತ್ರಜ್ಞರಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅದು ಹ್ಯಾಮ್ ಕೇಂದ್ರವಲ್ಲ, ಪ್ರಸಾರ ಕೇಂದ್ರ. ಆದರೂ ಬಾನುಲಿಯ ಕೆಲಸದಲ್ಲಿ ಮನಶ್ಶಾಸ್ತ್ರಕ್ಕೆ ಎಷ್ಟು ಪಾಲಿದೆಯೆಂಬುದು ಮುಂದೆ ಮೋರ್ಸ್ ಕಲಿಕೆಯ ಪ್ರಸ್ತಾಪ ಬಂದಾಗ ತಿಳಿಯುತ್ತದೆ.

ಮೋರ್ಸ್ ಸಂಕೇತವೆಂದರೆ ಚುಕ್ಕೆ ಮತ್ತು ಗೆರೆಗಳ ಲಿಪಿ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಕಾಗದದ ಮೇಲೆ ಅದು ನಿಜ. ಆದರೆ ಕಿವಿಗೆ ಅದು ಲಿಪಿಯಲ್ಲ, ಛಂದಸ್ಸು. ಚುಕ್ಕೆಯ ಕಾಲ ಒಂದು ಮಾತ್ರೆಯಾದರೆ ಗೆರೆಯ ಕಾಲ ಮೂರು ಮಾತ್ರೆ. ಒಂದು ಅಕ್ಷರದೊಳಗಿನ ಸದ್ದುಗಳ ನಡುವೆ ಒಂದು ಮಾತ್ರೆಯ ಮೌನ, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ನಮ್ಮ ಛಂದಶ್ಶಾಸ್ತ್ರದಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು, ಪ್ಲುತಕ್ಕೆ ಮೂರು ಮಾತ್ರೆಗಳೆಂದು ಲೆಕ್ಕ. ಆದುದರಿಂದ ಮೋರ್ಸ್ ಗೆರೆಯನ್ನು ಗುರುವೆಂದು ತಿಳಿಯುವುದು ತಪ್ಪು, ಅದು ಪ್ಲುತ. ಹೊಸಬರು ಗೆರೆಯನ್ನು ಎರಡೇ ಮಾತ್ರೆಗೆ ಮೊಟಕು ಮಾಡುವುದರಿಂದಲೇ ಅವರ ಕೈಬರಹ, ಅಂದರೆ ಕೈಸದ್ದು, ಕೇಳುವವನಿಗೆ ಅರ್ಥವಾಗದೆ ಹೋಗುವುದುಂಟು. ವೇಗವನ್ನು ಅಳೆಯಲು ‘ಪ್ಯಾರಿಸ್’ ಎಂಬ ಪದವನ್ನು ಮಾನದಂಡವಾಗಿ ಇಟ್ಟುಕೊಂಡಿದ್ದಾರೆ. ಮೌನಗಳನ್ನೂ ಸೇರಿಸಿ ಎಣಿಸಿದರೆ ಅದರಲ್ಲಿ ಸರಿಯಾಗಿ 50 ಮಾತ್ರೆಗಳಿವೆ. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಒಂದು ಚುಕ್ಕೆಯ ಅವಧಿ ಸೆಕೆಂಡಿನ ಸಾವಿರದ 60 ಭಾಗ. ಸ್ಪರ್ಧೆಗಳಲ್ಲಿ ಸಾಮಾನ್ಯವಾದ 30 ಪದಗಳ ವೇಗದಲ್ಲಿ ಅದು 40ಕ್ಕೆ ಇಳಿಯುತ್ತದೆ.

ಭಾರತೀಯನ ಕರೆ ಸಂಕೇತದ ಮೊದಲ ಎರಡು ಅಕ್ಷರಗಳನ್ನೇ ನೋಡೋಣ. ‘ವಿ’ ಎಂಬುದು ಡಿ-ಡಿ-ಡಿ-ಡಾ. ‘ಯು’ ಎಂಬುದು ಡಿ-ಡಿ-ಡಾ. ಇವೆರಡರ ಅಂತರ ಒಂದೇ ಒಂದು ಚುಕ್ಕೆ. ಗುಡುಗಿನ ಒಂದು ಚಿಟುಕು ಆ ಮೊದಲ ಚುಕ್ಕೆಯನ್ನು ನುಂಗಿತೆಂದರೆ ‘ವಿಯು’ ಹೋಗಿ ‘ಯುಯು’ ಆಗುತ್ತದೆ, ಆ ಅಕ್ಷರಗಳು ಉಕ್ರೇನಿಗೆ ಸೇರಿದವು. ಕುಂದಾಪುರದ ಮನುಷ್ಯ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದಲ್ಲಿ ಕಪ್ಪು ಸಮುದ್ರದ ದಂಡೆಗೆ ಹೋಗಿ ಕುಳಿತಂತೆ! ಈ ಅಂತರವನ್ನು ಎಣಿಸಿ ತಿಳಿಯುವುದು ಅಸಾಧ್ಯ. ಬಡಗುತಿಟ್ಟಿನ ಆಟವನ್ನು ಬಾಲ್ಯದಿಂದ ಕೇಳಿದ ಮಂದರ್ತಿ, ಸಾಲಿಗ್ರಾಮ, ಮಾರಣಕಟ್ಟೆಗಳ ಕಡೆಯ ಹುಡುಗನು ಚೆಂಡೆಯ ಪೆಟ್ಟುಗಳನ್ನು ಎಣಿಸಿಕೊಂಡು ತಾಳವನ್ನು ಗುರುತಿಸುವುದಿಲ್ಲ. ಪೆಟ್ಟುಗಳ ಗುಂಪು ಒಟ್ಟಾಗಿ ಒಂದು ಆಕಾರವಾಗಿ ಅವನ ಕಿವಿಗೆ ಬೀಳುತ್ತದೆ. ಮೋರ್ಸ್ ಕೇಳುವ ಬಗೆಯೂ ಹಾಗೆಯೇ.

ಶಿಕ್ಷಕರು ಗಮನಿಸಬೇಕಾದ ವಿಷಯ ಇಲ್ಲಿದೆ. ವಿಜ್ಞಾನ ಪ್ರದರ್ಶನಗಳಲ್ಲಿ ಚುಕ್ಕೆ ಗೆರೆಗಳ ಭಿತ್ತಿಪಟವನ್ನು ತೂಗುಹಾಕಿ ಮಕ್ಕಳಿಗೆ ಮೋರ್ಸ್ ಕಲಿಸುವ ಪದ್ಧತಿ ಬಹಳ ಕಡೆ ಉಂಟು. ಆ ಪಟ ಕಲಿಕೆಗೆ ಸಹಾಯಕವಲ್ಲ, ಅಡ್ಡಿ. ಕಣ್ಣಿನಿಂದ ಕಲಿತವನು ಸದ್ದನ್ನು ಕೇಳಿ, ಅದನ್ನು ಮನಸ್ಸಿನಲ್ಲಿ ಚುಕ್ಕೆ ಗೆರೆಯಾಗಿ ಬರೆದು, ಪಟವನ್ನು ನೆನೆದು, ಆಮೇಲೆ ಅಕ್ಷರಕ್ಕೆ ಬರುತ್ತಾನೆ. ಅಷ್ಟರಲ್ಲಿ ಮುಂದಿನ ಎರಡು ಅಕ್ಷರಗಳು ದಾಟಿ ಹೋಗಿರುತ್ತವೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಲುಡ್ವಿಗ್ ಕಾಖ್ ಎಂಬವರು 1930ರ ದಶಕದಲ್ಲಿ ಇದಕ್ಕೆ ಪರಿಹಾರವನ್ನು ತೋರಿಸಿದರು. ಅವರ ಕ್ರಮದಲ್ಲಿ ಮೊದಲ ದಿನದಿಂದಲೇ ಪೂರ್ಣ ವೇಗದಲ್ಲಿ ಕೇಳಿಸಬೇಕು. ಆದರೆ ಎರಡೇ ಅಕ್ಷರಗಳನ್ನು ಕೇಳಿಸಬೇಕು. ನೂರಕ್ಕೆ ತೊಂಬತ್ತು ಸರಿಯಾದ ಮೇಲೆಯೇ ಮೂರನೆಯದನ್ನು ಸೇರಿಸಬೇಕು. ವೇಗ ಮೊದಲಿಂದಲೂ ಒಂದೇ, ಹೆಚ್ಚುವುದು ಅಕ್ಷರಗಳ ಸಂಖ್ಯೆ ಮಾತ್ರ.

ಇದಕ್ಕೂ ಮುಂಚೆ, 1897 ಮತ್ತು 1899ರಲ್ಲಿ, ಅಮೆರಿಕೆಯ ಬ್ರಯನ್ ಮತ್ತು ಹಾರ್ಟರ್ ಎಂಬ ವಿದ್ವಾಂಸರು ತಂತಿ ಗುಮಾಸ್ತರ ಕಲಿಕೆಯನ್ನು ವಾರವಾರವೂ ಅಳೆದು ಪ್ರಬಂಧಗಳನ್ನು ಪ್ರಕಟಿಸಿದ್ದರು. ಕಳುಹಿಸುವ ವಿದ್ಯೆ ಸಮವಾಗಿ ಏರುತ್ತ ಹೋಗುತ್ತದೆ. ಆದರೆ ಸ್ವೀಕರಿಸುವ ವಿದ್ಯೆ ಒಂದು ಹಂತಕ್ಕೆ ಬಂದು ಸಮತಟ್ಟಾಗಿ ನಿಂತುಬಿಡುತ್ತದೆ. ವಾರಗಟ್ಟಲೆ ಶ್ರಮಿಸಿದರೂ ಅಂಗುಲ ಏರುವುದಿಲ್ಲ. ಎಷ್ಟೋ ಮಂದಿ ಇಲ್ಲಿ ಕೈಬಿಡುತ್ತಾರೆ. ಬಿಡದವರಲ್ಲಿ ಒಂದು ದಿನ ಗೆರೆ ಮತ್ತೆ ಏರತೊಡಗುತ್ತದೆ. ನಿಂತಂತೆ ಕಂಡ ಆ ಅವಧಿಯಲ್ಲಿ ಅಕ್ಷರ ಅಕ್ಷರವಾಗಿ ಕೇಳುತ್ತಿದ್ದ ಕಿವಿ ಪದ ಪದವಾಗಿ ಕೇಳಲು ಒಳಗೊಳಗೇ ಸಿದ್ಧವಾಗುತ್ತಿತ್ತು ಎಂಬುದು ಅವರ ವಿವರಣೆ. ಓದು ಕಲಿಯುವ ಮಗುವಿನ ವಿಷಯದಲ್ಲಿಯೂ, ಮಗ್ಗಿ ಕಲಿಯುವ ಮಗುವಿನ ವಿಷಯದಲ್ಲಿಯೂ ಈ ಸಮತಟ್ಟನ್ನು ಕಾಣದ ಅಧ್ಯಾಪಕರು ಇರಲಾರರು. ಪ್ರಗತಿ ಪತ್ರದಲ್ಲಿ ಅದನ್ನು ‘ಸಾಲದು’ ಎಂದು ಬರೆಯುವುದೊಂದೇ ಅನ್ಯಾಯ.

ಇನ್ನು ಉಪಕರಣಗಳು. ಹಿಂದೆ ಯುದ್ಧದ ಮಿಕ್ಕುಳಿಕೆಯ ಸೆಟ್ಟುಗಳನ್ನೂ 807 ಎಂಬ ಕವಾಟವನ್ನೂ ಹುಡುಕಿ ತಂದು ಹವ್ಯಾಸಿಗಳು ಪ್ರೇಷಕಗಳನ್ನು ಕೈಯಿಂದಲೇ ಕಟ್ಟಿಕೊಳ್ಳುತ್ತಿದ್ದರು. ಈಗ ಸಿದ್ಧ ಸೆಟ್ಟುಗಳು ದೊರೆಯುತ್ತವೆ. ಕಟ್ಟಿಕೊಳ್ಳುವವರಿಗೆ ಹೈದರಾಬಾದಿನ ಹವ್ಯಾಸಿಯೊಬ್ಬರು ರೂಪಿಸಿದ ‘ಬಿಟೆಕ್ಸ್’ ಎಂಬ ಸರಳ ಮಾದರಿಯೂ ಉಂಟು. ಮೋರ್ಸ್ ಕೆಲಸಕ್ಕೆ ಹೆಚ್ಚಿನ ಶಕ್ತಿ ಬೇಕಿಲ್ಲ. ಮಾತಿನ ಸಂಕೇತ ಸುಮಾರು 2,400 ಹರ್ಟ್ಸ್ ಅಗಲವನ್ನು ಹಿಡಿದರೆ ಮೋರ್ಸ್ ಸಂಕೇತಕ್ಕೆ 150 ಹರ್ಟ್ಸ್ ಸಾಕು. ಅಗಲ ಹದಿನಾರನೆಯ ಒಂದು ಭಾಗವಾದುದರಿಂದ ಗ್ರಾಹಕದೊಳಗೆ ನುಗ್ಗುವ ಗದ್ದಲವೂ ಅಷ್ಟೇ ಕಡಮೆ. ಐದು ವ್ಯಾಟಿನ ಪುಟ್ಟ ಪ್ರೇಷಕವು ಯುರೋಪನ್ನು ಮುಟ್ಟುವುದು ಈ ಕಾರಣದಿಂದ. ಒಂದು ಸಣ್ಣ ದೀಪ ಉರಿಯುವಷ್ಟು ವಿದ್ಯುತ್ತಿನಲ್ಲಿ ಏಳೂವರೆ ಸಾವಿರ ಕಿಲೋಮೀಟರು!

ಆಂಟೆನಾದ ವಿಷಯದಲ್ಲಿ ಕುಂದಾಪುರ ಸೀಮೆಗೆ ದೊರೆತಿರುವ ಅನುಕೂಲ ದೊಡ್ಡದು, ತೊಂದರೆಯೂ ದೊಡ್ಡದು. 7 ಮೆಗಾಹರ್ಟ್ಸಿನ ಅರೆತರಂಗ ಆಂಟೆನಾ ಎಂದರೆ ಸುಮಾರು 20 ಮೀಟರು ಉದ್ದದ ತಾಮ್ರದ ತಂತಿ. ಅದನ್ನು ಕಟ್ಟಲು ಎರಡು ತೆಂಗಿನ ಮರಗಳು ಯಾವ ಹಿತ್ತಿಲಿನಲ್ಲಿಯೂ ಸಿಗುತ್ತವೆ. ಆದರೆ ತೆಂಗು ತೂಗುವ ಮರ. ಎರಡು ಕಡೆಯೂ ಬಿಗಿದು ಕಟ್ಟಿದ ತಂತಿ ಆಷಾಢದ ಮೊದಲ ಗಾಳಿಗೇ ಹರಿಯುತ್ತದೆ. ಒಂದು ತುದಿಯನ್ನು ರಾಟೆಯ ಮೇಲಿಂದ ಇಳಿಸಿ ಕಲ್ಲಿನ ಭಾರವನ್ನು ತೂಗಬಿಡುವುದೇ ಉಪಾಯ. ಮರ ಬಾಗಿದಾಗ ಕಲ್ಲು ಏರುತ್ತದೆ, ತಂತಿ ಉಳಿಯುತ್ತದೆ. ಉಪ್ಪುಗಾಳಿ ಬೆಸುಗೆಗಳನ್ನು ಒಂದೆರಡು ವರ್ಷಗಳಲ್ಲಿ ಹಸಿರಾಗಿಸಿ ತಿನ್ನುತ್ತದೆ. ನೆಲವೋ ಮುರಕಲ್ಲಿನದು, ಒಣಗಿದಾಗ ವಿದ್ಯುತ್ತನ್ನು ಹೊತ್ತುಕೊಂಡು ಹೋಗಲು ಒಲ್ಲದು. ಸಿಡಿಲಿನ ರಕ್ಷಣೆಗೆ ನೆಲತಂತಿಯನ್ನು ಎಷ್ಟು ಆಳಕ್ಕೆ ಇಳಿಸಿದರೂ ಸಾಲದೆಂಬ ಈ ಊರುಗಳಲ್ಲಿ, ಗುಡುಗು ಕೇಳಿದೊಡನೆ ಆಂಟೆನಾವನ್ನು ಸೆಟ್ಟಿನಿಂದ ಬಿಡಿಸಿ ಮನೆಯ ಹೊರಗೆ ಹಾಕುವುದೇ ಮೊದಲನೆಯ ನಿಯಮ. ಎರಡನೆಯ ನಿಯಮವೂ ಅದೇ.

ಅನುಕೂಲ ಬಂದಿರುವುದು ಕಡಲಿನಿಂದ. ಉಪ್ಪುನೀರಿನ ವಿದ್ಯುದ್ವಾಹಕತೆ ಒಣ ಮುರಕಲ್ಲಿನದಕ್ಕಿಂತ ಸಾವಿರ ಪಟ್ಟಿಗೂ ಮಿಗಿಲು. ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಅಂತಹ ದಡದಲ್ಲಿ ನೆಟ್ಟಗೆ ನಿಲ್ಲಿಸಿದ ಐದು ಮೀಟರಿನ ಕೊಳವೆಯೊಂದು, ಒಳನಾಡಿನಲ್ಲಿ ಬಹಳ ಹಣ ವೆಚ್ಚ ಮಾಡಿ ಎತ್ತರಕ್ಕೆ ಏರಿಸಿದ ಆಂಟೆನಾದೊಡನೆ ಸೆಣಸಬಲ್ಲುದು. ಏಕೆಂದರೆ ದೂರದೇಶಗಳಿಗೆ ಹೋಗುವ ತರಂಗಗಳು ದಿಗಂತಕ್ಕೆ ಅಂಟಿಕೊಂಡಂತೆ ಹೊರಡಬೇಕು, ಅವಕ್ಕೆ ನೀರು ಕನ್ನಡಿಯಾಗುತ್ತದೆ.

ಪೂರ್ವದಲ್ಲಿ ಘಟ್ಟ ಗೋಡೆಯಂತೆ ನಿಂತಿರುವುದರಿಂದ ಆ ಕಡೆಗೆ ಬಾನುಲಿ ಹೋಗದು ಎಂಬ ನಂಬಿಕೆ ಇದೆ. ಲೆಕ್ಕ ಬೇರೆಯೇ ಹೇಳುತ್ತದೆ. 1,343 ಮೀಟರು ಎತ್ತರದ ಕೊಡಚಾದ್ರಿಯು ಬೈಂದೂರಿನಿಂದ ನೇರವಾಗಿ ಸುಮಾರು 26 ಕಿಲೋಮೀಟರು ದೂರದಲ್ಲಿದೆ. ಅದು ದಿಗಂತದಿಂದ ಮೇಲೇಳುವ ಕೋನ ಮೂರು ಡಿಗ್ರಿ ಮಾತ್ರ. ಅಯಾನಮಂಡಲದಿಂದ ಪುಟಿಯುವ ತರಂಗಗಳಿಗೆ ಅದೊಂದು ದೊಡ್ಡ ತಡೆಯೇ ಅಲ್ಲ. ಇನ್ನು ಶಾಲೆಯ ಗೋಡೆಯ ಭೂಪಟವನ್ನು ನಂಬಿದರೆ ಅಮೆರಿಕೆಯು ಕುಂದಾಪುರಕ್ಕೆ ನೇರ ಪಶ್ಚಿಮದಲ್ಲಿದೆ. ಭೂಗೋಳದ ಚೆಂಡಿನ ಮೇಲೆ ನೂಲು ಎಳೆದು ನೋಡಿದರೆ ನ್ಯೂಯಾರ್ಕಿನ ದಾರಿ ಉತ್ತರದಿಂದ ಕೇವಲ 27 ಡಿಗ್ರಿ ಪಶ್ಚಿಮಕ್ಕೆ ಸರಿದಿದೆ. ಲಾಸ್ ಏಂಜಲಿಸಿನದು ಉತ್ತರಕ್ಕೆ 14 ಡಿಗ್ರಿ ಪೂರ್ವದಲ್ಲಿದೆ. ಲಂಡನ್ನಿನದು ಸರಿಸುಮಾರು ವಾಯವ್ಯ. ನೂಲು ಮತ್ತು ಚೆಂಡು ಎರಡೂ ಎಲ್ಲ ಶಾಲೆಗಳಲ್ಲಿವೆ. ಈ ಪಾಠವನ್ನು ಮಾಡಲು ಬಾನುಲಿಯೇ ಬೇಕೆಂದಿಲ್ಲ.

ಈ ಎಲ್ಲ ಸಿದ್ಧತೆಯನ್ನು ಒರೆಗೆ ಹಚ್ಚುವುದು ಸ್ಪರ್ಧೆ. ಇವುಗಳಲ್ಲಿ ಪ್ರಸಿದ್ಧವಾದ ‘ಸಿಕ್ಯು ವರ್ಲ್ಡ್ ವೈಡ್’ ಸ್ಪರ್ಧೆಯ ಮೋರ್ಸ್ ಭಾಗವು ನವೆಂಬರಿನ ಕೊನೆಯ ಪೂರ್ಣ ವಾರಾಂತ್ಯದಲ್ಲಿ ನಡೆಯುತ್ತದೆ. ನಮ್ಮ ಗಡಿಯಾರದಂತೆ ಶನಿವಾರ ಬೆಳಗಿನ ಐದೂವರೆಗೆ ತೊಡಗಿ ಸೋಮವಾರ ಬೆಳಗಿನ ಐದೂವರೆಗೆ ಮುಗಿಯುತ್ತದೆ. ಒಟ್ಟು 48 ಗಂಟೆ. ಜಗತ್ತನ್ನು 40 ವಲಯಗಳಾಗಿ ವಿಂಗಡಿಸಿದ್ದಾರೆ, ಭಾರತದ ವಲಯ 22. ಬೇರೆ ಖಂಡದವನೊಡನೆ ಸಂಪರ್ಕವಾದರೆ ಮೂರು ಅಂಕ, ಏಷ್ಯದೊಳಗೆ ಒಂದು, ಸ್ವದೇಶದವನೊಡನೆ ಸೊನ್ನೆ. ಪ್ರತಿ ಪಟ್ಟಿಯಲ್ಲಿಯೂ ಮುಟ್ಟಿದ ವಲಯಗಳ ಮತ್ತು ದೇಶಗಳ ಮೊತ್ತದಿಂದ ಅಂಕಗಳನ್ನು ಗುಣಿಸಬೇಕು. ಆದುದರಿಂದ ಗಟ್ಟಿಯಾಗಿ ಕೇಳುವ ನೂರು ನಿಲಯಗಳನ್ನು ಹಿಡಿಯುವುದಕ್ಕಿಂತ ಒಮ್ಮೊಮ್ಮೆ ಗದ್ದಲದ ತಳದಲ್ಲಿ ಮಿಣುಕುವ ಒಂದು ದ್ವೀಪವನ್ನು ಹಿಡಿಯುವುದೇ ಲಾಭ.

ಬೆಳಗಿನ ಐದೂವರೆಗೆ ಕುಂದಾಪುರದಲ್ಲಿ ಇನ್ನೂ ಕತ್ತಲೆ. ಕೋಡಿಯ ದೀಪಸ್ತಂಭ ಆರುವ ಹೊತ್ತಲ್ಲ. 7 ಮೆಗಾಹರ್ಟ್ಸಿನಲ್ಲಿ ಯುರೋಪು ತುಂಬಿ ತುಳುಕುತ್ತಿರುತ್ತದೆ. ಆರೂವರೆಯ ಹೊತ್ತಿಗೆ ಇಲ್ಲಿ ಸೂರ್ಯ ಮೂಡುವಾಗ ಪಶ್ಚಿಮದ ದಾರಿ ಇನ್ನೂ ಕತ್ತಲೆಯಲ್ಲಿಯೇ ಇರುವುದರಿಂದ, ಬೆಳಕು ಕತ್ತಲೆಗಳ ಆ ಸಂಧಿಯಲ್ಲಿ ಕೆಲವು ನಿಮಿಷ ದೂರದ ಸದ್ದುಗಳು ಉಬ್ಬಿ ಬಂದು ಥಟ್ಟನೆ ಕರಗುತ್ತವೆ. ಆಮೇಲೆ ಎತ್ತರದ ಪಟ್ಟಿಗಳಿಗೆ ಏರಬೇಕು. ಸಂಭಾಷಣೆ ಬಹಳ ಗಿಡ್ಡ: ಕರೆ ಸಂಕೇತ, ಸದ್ದಿನ ಗುಣಮಟ್ಟದ ಮೂರು ಅಂಕೆ, ವಲಯದ ಸಂಖ್ಯೆ, ಕೃತಜ್ಞತೆ. ಈ ಗುಣಮಟ್ಟದ ಅಂಕೆಯ ವಿಷಯದಲ್ಲಿ ಒಂದು ಲೋಕರೂಢಿಯ ಸುಳ್ಳಿದೆ. ಕೇಳಿಸಿಯೂ ಕೇಳಿಸದಂತಿರುವ ನಿಲಯಕ್ಕೂ ಎಲ್ಲರೂ ‘599’, ಅಂದರೆ ಪರಿಪೂರ್ಣ, ಎಂದೇ ಹೇಳುತ್ತಾರೆ. ಹಾಗೆ ಹೇಳಿ, ಹೆಸರನ್ನು ಇನ್ನೊಮ್ಮೆ ಹೇಳು ಎಂದು ಕೇಳುತ್ತಾರೆ! ಆದರೆ ಕರೆ ಸಂಕೇತದಲ್ಲಿ ಮಾತ್ರ ಸುಳ್ಳಿಗೆ ಎಡೆಯಿಲ್ಲ. ಎರಡೂ ಕಡೆಯ ದಾಖಲೆ ಪುಸ್ತಕಗಳನ್ನು ಹೋಲಿಸಿ ನೋಡುತ್ತಾರೆ. ಒಂದು ಅಕ್ಷರ ತಪ್ಪಿದರೆ ಆ ಸಂಪರ್ಕ ಹೋಗುವುದಲ್ಲದೆ ದಂಡವೂ ಬೀಳುತ್ತದೆ. ನಲವತ್ತು ಗಂಟೆ ನಿದ್ದೆಗೆಟ್ಟ ಮೇಲೂ ‘ವಿ’ ಯಾವುದು ‘ಯು’ ಯಾವುದು ಎಂದು ಕಿವಿ ಬೇರ್ಪಡಿಸುತ್ತಿರಬೇಕು. ಇದು ಆಟವೆಂಬುದು ನಿಜ, ಗರಡಿಯೂ ಆಟವೇ.

ಆ ಗರಡಿಯ ಪಟ್ಟು ಎಲ್ಲಿ ಉಪಯೋಗಕ್ಕೆ ಬಂದಿತೆಂಬುದಕ್ಕೆ ಅಂಡಮಾನಿನ ಉದಾಹರಣೆ ಇದೆ. 2004ರ ಡಿಸೆಂಬರಿನಲ್ಲಿ ಶ್ರೀಮತಿ ಭಾರತಿ ಪ್ರಸಾದರ ನೇತೃತ್ವದ ಹವ್ಯಾಸಿಗಳ ತಂಡ ಪೋರ್ಟ್ ಬ್ಲೇರಿನಿಂದ ಬಾನುಲಿಯನ್ನು ನಡೆಸುತ್ತಿತ್ತು. ಬಹುಕಾಲ ಮೌನವಾಗಿದ್ದ ಆ ದ್ವೀಪಗಳನ್ನು ಮುಟ್ಟಲು ಜಗತ್ತಿನ ಹವ್ಯಾಸಿಗಳು ಮುಗಿಬಿದ್ದಿದ್ದರು. ತಂಡದವರು ಹಗಲಿರುಳು ಆ ನೂಕುನುಗ್ಗಲಿನಿಂದ ಒಂದೊಂದೇ ಹೆಸರನ್ನು ಹೆಕ್ಕುತ್ತಿದ್ದರು. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿ ಸುನಾಮಿ ಬಂದಾಗ, ಅದೇ ಜನ, ಅದೇ ಸೆಟ್ಟು, ಅದೇ ಆಂಟೆನಾ ಆ ದಿನವೇ ಆಪತ್ಸೇವೆಗೆ ತಿರುಗಿದವು. ಬಂಧುಗಳ ಕ್ಷೇಮಸಮಾಚಾರಗಳು ದ್ವೀಪಗಳಿಂದ ಭೂಖಂಡಕ್ಕೆ ಈ ದಾರಿಯಿಂದಲೂ ತಲುಪಿದವು. ಹೊಸದಾಗಿ ಕಲಿಯಬೇಕಾದುದು ಏನೂ ಇರಲಿಲ್ಲ.

ಕುಂದಾಪುರ ಸೀಮೆಗೆ ಇಂತಹುದರ ಅಗತ್ಯವೇನು ಎಂದು ಕೇಳಬಹುದು. ಬ್ರಹ್ಮಾವರದಿಂದ ಬೈಂದೂರಿನವರೆಗಿನ ಪಟ್ಟಿಯನ್ನು ಸೀತಾನದಿ, ಪಂಚಗಂಗಾವಳಿ, ಸೌಪರ್ಣಿಕೆಗಳು ಕತ್ತರಿಸುತ್ತವೆ. ಅದನ್ನು ಹೊಲಿದಿರುವುದು ಒಂದು ಹೆದ್ದಾರಿ, ಒಂದು ರೈಲುಮಾರ್ಗ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ನಾಡಿದು. ವಿದ್ಯುತ್ತು ಹೋಗಿ ಮೊಬೈಲ್ ಗೋಪುರದ ಬ್ಯಾಟರಿ ಬರಿದಾದರೆ ಸೇತುವೆಯಾಚೆಯ ಊರು ಬೇರೆ ದೇಶವಾಗುತ್ತದೆ. ಸಂಪರ್ಕ ಕಡಿಯುವುದೆಂದರೆ ಏನೆಂದು ಈ ಕರಾವಳಿಗೆ ಬೇರೆಯವರು ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮಂದಿ ಮೀನುಗಾರರೊಂದಿಗೆ ಎರಡು ದಿನಗಳಲ್ಲಿ ಮೌನವಾಯಿತು. ಅದರ ಅವಶೇಷವನ್ನು ನೌಕಾಪಡೆಯು ಮಾಲ್ವಣದ ಆಚೆಯ ಕಡಲತಳದಲ್ಲಿ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ಹವ್ಯಾಸಿ ಬಾನುಲಿಯಿದ್ದರೆ ಆ ಏಳು ಮಂದಿ ಉಳಿಯುತ್ತಿದ್ದರೆಂದು ಹೇಳುವುದು ಅಪ್ರಾಮಾಣಿಕವಾದೀತು. ಕಡಲಿನ ಸಂಪರ್ಕ ಬೇರೆಯೇ ಒಂದು ಸೇವೆ. ಹವ್ಯಾಸಿಯ ಕೆಲಸ ದಡದ ಮೇಲಿನದು.

ದಡದ ಮೇಲಿನ ಆ ಕೆಲಸಕ್ಕೂ ಲೆಕ್ಕ ಬೇಕು. ಕೈಯಲ್ಲಿ ಹಿಡಿಯುವ 144 ಮೆಗಾಹರ್ಟ್ಸಿನ ಸೆಟ್ಟುಗಳ ತರಂಗ ನೇರವಾಗಿ ಹೋಗುತ್ತದೆ, ಭೂಮಿಯ ಬಾಗನ್ನು ಅನುಸರಿಸುವುದಿಲ್ಲ. 12 ಮೀಟರು ಎತ್ತರದ ಎರಡು ಆಂಟೆನಾಗಳ ನಡುವೆ ಅದು 28 ಕಿಲೋಮೀಟರು ದಾಟಬಲ್ಲುದು, ತೋಟಗಳು ನುಂಗುವುದನ್ನು ಬಿಟ್ಟರೆ. ಕುಂದಾಪುರದಿಂದ ಬ್ರಹ್ಮಾವರಕ್ಕೆ ನೇರ ದೂರ ಸುಮಾರು 22, ಬೈಂದೂರಿಗೆ ಸುಮಾರು 27. ಅಂದರೆ ಬ್ರಹ್ಮಾವರ ಬೈಂದೂರುಗಳು ಪರಸ್ಪರ ಕೇಳಲಾರವು. ಕುಂದಾಪುರದಲ್ಲಿ ಒಬ್ಬನು ಕುಳಿತು ಈ ಮಾತನ್ನು ಆ ಕಡೆಗೆ ದಾಟಿಸಬೇಕು. ಘಟ್ಟದ ಮೇಲಿನ ಹೊಸನಗರಕ್ಕೋ ಶಿವಮೊಗ್ಗಕ್ಕೋ ಮುಟ್ಟಬೇಕಾದರೆ ಇನ್ನೊಂದು ಉಪಾಯವಿದೆ. 7 ಮೆಗಾಹರ್ಟ್ಸಿನ ತಂತಿಯನ್ನು ಎತ್ತರಕ್ಕೆ ಏರಿಸದೆ ನೆಲದಿಂದ ನಾಲ್ಕೈದು ಮೀಟರಿನಲ್ಲಿಯೇ ಕಟ್ಟಬೇಕು. ಆಗ ತರಂಗ ನೆತ್ತಿಯ ಕಡೆಗೆ ಹೋಗಿ ಅಯಾನಮಂಡಲದಿಂದ ಸುತ್ತಣ ಮುನ್ನೂರು ನಾನೂರು ಕಿಲೋಮೀಟರಿಗೆ ಸೋನೆಯಂತೆ ಇಳಿಯುತ್ತದೆ. ಹಗಲಿನಲ್ಲಿ ಇದು ನಂಬಿಕೆಯ ದಾರಿ. ಸ್ಪರ್ಧೆಯಲ್ಲಿ ಕೀಳೆನಿಸುವ ತಗ್ಗಿನ ಆಂಟೆನಾವೇ ನೆರೆಯ ಕಾಲಕ್ಕೆ ಮೇಲೆಂಬುದು ಸ್ವಾರಸ್ಯ. ತಗ್ಗಿಸಿ ಕಟ್ಟಲು ಏಣಿಯೂ ಬೇಕಿಲ್ಲ.

ಸಾಮಗ್ರಿಯ ಕೊರತೆ ಹೀಗೆ ದೊಡ್ಡದಲ್ಲ. ಕೊರತೆ ಕಿವಿಯದು. 1978ರ ಭಾರತೀಯ ಹವ್ಯಾಸಿ ನಿಸ್ತಂತು ನಿಯಮಗಳ ಪ್ರಕಾರ ಎರಡನೆಯ ದರ್ಜೆಯ ಪರವಾನಗಿಗೆ ನಿಮಿಷಕ್ಕೆ 5 ಪದ, ಮೊದಲನೆಯ ದರ್ಜೆಗೆ 12 ಪದ ಮೋರ್ಸ್ ತಿಳಿದಿರಬೇಕಾಗಿತ್ತು. 2003ರ ಜಾಗತಿಕ ರೇಡಿಯೋ ಸಮ್ಮೇಳನವು ಮೋರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ನಿಯಮವನ್ನು ಕೈಬಿಟ್ಟಿತು. ಬಹುತೇಕ ದೇಶಗಳು ಪರೀಕ್ಷೆಯಿಂದ ಅದನ್ನು ತೆಗೆದುಹಾಕಿದವು. ನಮ್ಮಲ್ಲಿಯೂ ಮೋರ್ಸ್ ಬೇಕಿಲ್ಲದ ದರ್ಜೆಯೊಂದು ತೆರೆದಿತು. ಹನ್ನೆರಡು ತುಂಬಿದ ಮಕ್ಕಳೂ ಪರೀಕ್ಷೆಗೆ ಅರ್ಹರಾದರು. ಪರವಾನಗಿ ಸುಲಭವಾದುದು ಒಳ್ಳೆಯದೇ. ಆದರೆ ನಿರ್ಬಂಧವಿದ್ದ ಕಾಲದಲ್ಲಿ ಬಾಯಲ್ಲಿ ಗೊಣಗುತ್ತಲೇ ಕಲಿತು, ಆಮೇಲೆ ಅದನ್ನು ಬಿಡಲಾರದೆ ಹೋದವರು ಈಗ ಇಳಿವಯಸ್ಸಿನವರು. ಅವರ ಕೈಸದ್ದನ್ನು ಕೇಳಿ ಕಲಿಯುವವರು ಇಲ್ಲದಿದ್ದರೆ ಧ್ವನಿಮುದ್ರಿಕೆ ಉಳಿದೀತು, ವಿದ್ಯೆ ಉಳಿಯದು. ಮೋರ್ಸ್ ಕಳುಹಿಸುವ, ಬಿಡಿಸುವ ಗಣಕ ತಂತ್ರಗಳು ಬಂದಿವೆ ನಿಜ. ಗದ್ದಲವಿಲ್ಲದೆ, ಒಬ್ಬನೇ ಮಾತನಾಡುವಾಗ ಅವು ಚೆನ್ನಾಗಿ ಬಿಡಿಸುತ್ತವೆ. ಹತ್ತು ಮಂದಿ ಒಮ್ಮೆಗೇ ಕರೆದಾಗ ಒಬ್ಬನನ್ನು ಬೇರ್ಪಡಿಸುವಲ್ಲಿ ನುರಿತ ಕಿವಿ ಅವುಗಳಿಗಿಂತ ಮುಂದೆಯೇ ಇದೆ.

ಅಭ್ಯಾಸಕ್ಕೆ ಬೇಕಾದುದು ಸದ್ದು ಮಾಡುವ ಪುಟ್ಟ ಆಂದೋಲಕ, ಒಂದು ಕೀ, ಎರಡು ಜೋಡಿ ಕಿವಿಯಾಲಿಕೆ, ದಿನಕ್ಕೆ ಇಪ್ಪತ್ತು ನಿಮಿಷ. ಒಂದು ಕೊಠಡಿಯಿಂದ ಇನ್ನೊಂದು ಕೊಠಡಿಗೆ ತಂತಿ ಎಳೆದು ಮಾಡುವ ಈ ಅಭ್ಯಾಸಕ್ಕೆ ಪರವಾನಗಿ ಬೇಕಿಲ್ಲ. ಮೇ ತಿಂಗಳ ಕೊನೆಯಲ್ಲಿ ಬರುವ ಸ್ಪರ್ಧೆಯನ್ನು ಕರಾವಳಿಯವರು ಬಿಡುವುದೇ ಲೇಸು. ಮುಂಗಾರಿಗೆ ಮೊದಲಿನ ಗುಡುಗು ಆ ಹೊತ್ತಿಗೆ ಆಂಟೆನಾವನ್ನು ನೆಲಕ್ಕೆ ಇಳಿಸಿರುತ್ತದೆ. ಜೂನ್ ಮೂರನೆಯ ಪೂರ್ಣ ವಾರಾಂತ್ಯದಲ್ಲಿ ಜಪಾನಿನವರು ನಡೆಸುವ ‘ಅಖಿಲ ಏಷ್ಯ’ ಸ್ಪರ್ಧೆ ಉತ್ತಮ. ಮಳೆ ಹಿಡಿದ ಮೇಲೆ ಸಿಡಿಲು ಕಡಮೆ. ಆ ಸ್ಪರ್ಧೆಯಲ್ಲಿ ಗುಣಮಟ್ಟದ ಅಂಕೆಯ ಜೊತೆಗೆ ಕಳುಹಿಸಬೇಕಾದುದು ವಲಯವನ್ನಲ್ಲ, ತನ್ನ ವಯಸ್ಸನ್ನು. ಆ ರಾತ್ರಿ ಪಟ್ಟಿಯುದ್ದಕ್ಕೂ ಕೇಳಿಬರುವ ಸಂಖ್ಯೆಗಳಲ್ಲಿ ಅರುವತ್ತು, ಎಪ್ಪತ್ತುಗಳೇ ಹೆಚ್ಚು. ಹದಿನೈದು ಎಂದು ಯಾರಾದರೂ ಕಳುಹಿಸಿದರೆ, ಕೇಳಿದವರು ಅದನ್ನು ತಪ್ಪಾಗಿ ಕೇಳಿಸಿತೇನೋ ಎಂದು ಇನ್ನೊಮ್ಮೆ ಹೇಳಿಸಿಕೊಳ್ಳುತ್ತಾರೆ.